ಎಡದಿಂದ ಮೂರನೆಯ ಹೂವು

ಚಿನಕುರುಳಿಗೆ ಸಿಟ್ಟು ಬಂದದ್ದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿದ್ದದ್ದು ಪಕ್ಕದ ಮನೆಯ ದರ್ಜಿಗೆ. ಅವಳು ಬಾಯಿ ತೆರೆಯುವ ಮುಂಚೆಯೇ ಮಗ್ಗದ ಸದ್ದು ಬದಲಾಗುತ್ತಿತ್ತು. ಹದವಾಗಿ ಟಕ್ ಟಕ್ ಎನ್ನುತ್ತಿದ್ದದ್ದು ದಡಾರ್ ದಡಾರ್ ಎನ್ನತೊಡಗಿದರೆ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ, "ಇವತ್ತು ಯಾರಿಗೋ ಗ್ರಹಚಾರ ಬಿಡಿಸ್ತಾಳೆ ಕಣೇ" ಎಂದು ಹೆಂಡತಿಗೆ ಹೇಳುತ್ತಿದ್ದ. ಹಾಗೆ ಸಿಟ್ಟಿನಲ್ಲಿ ನೇಯ್ದದ್ದನ್ನು ಆಮೇಲೆ ಅವಳೇ ಕೂತು ಬಿಚ್ಚುತ್ತಿದ್ದಳು. ಹೊಡೆತ ಜೋರಾದರೆ ಬಟ್ಟೆ ಅಲ್ಲಿ ಮಾತ್ರ ಬಿಗಿಯಾಗುತ್ತದೆ, ಅದು ಕಣ್ಣಿಗೆ ಹೊಡೆಯುತ್ತದೆ. ಬಿಚ್ಚುವಾಗ ತನ್ನನ್ನೇ ಬೈದುಕೊಳ್ಳುತ್ತಿದ್ದಳು, ಅದೂ ದರ್ಜಿಗೆ ಕೇಳಿಸುತ್ತಿತ್ತು.

ಇಂಥ ಹೆಂಗಸು ಅಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು ಅಂದರೆ ನಂಬುತ್ತೀರಾ? ಕೂತಿದ್ದಳು. ಅದೂ ಒಡಹುಟ್ಟಿದ ಅಣ್ಣನಿಗಾಗಿ.

ಅವಳಿಗೆ ನೇಯ್ಗೆ ಕಲಿಸಿದವಳು ಅಮ್ಮ. ಅಣ್ಣನಿಗೂ ಅವಳೇ ಕಲಿಸಿದ್ದು. ಅಣ್ಣನಿಗೆ ನೇಯ್ಗೆ ಬರುತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನೇಯ್ಗೆ ಬರುತ್ತಿತ್ತು, ಕೂರುವುದು ಬರುತ್ತಿರಲಿಲ್ಲ. ಒಂದು ಗೇಣು ನೇಯ್ದರೆ ಎದ್ದು ಬೀದಿಗೆ ಹೋಗಿ ಅದರ ಬಗ್ಗೆ ನಾಲ್ಕು ಗೇಣು ಮಾತಾಡಿ ಬರುತ್ತಿದ್ದ. ಮಾತು ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಎದುರಿಗಿದ್ದವರು ತಲೆಯಾಡಿಸುತ್ತ ಕೂತುಬಿಡಬೇಕು. ತಂಗಿ ಅಷ್ಟರಲ್ಲಿ ತನ್ನ ಪಾಲಿನದನ್ನೂ ಮುಗಿಸಿ ಅವನ ಪಾಲಿನದಕ್ಕೂ ಕೈ ಹಾಕಿರುತ್ತಿದ್ದಳು.

ಮದುವೆಯಾಗಿ ಎರಡು ಬೀದಿ ಆಚೆಗೆ ಹೋದಾಗ ಅವಳಿಗೆ ಅವಳದೇ ಮಗ್ಗ ಬಂತು. ಮುಂದಿನ ಕೋಣೆಯ ಅರ್ಧ ಅದಕ್ಕೇ ಹೋಯಿತು. ಗಂಡ ಬಸ್ ಕಂಡಕ್ಟರ್, ಮಾತು ಕಮ್ಮಿ, ಮನೆಗೆ ಬಂದರೆ ಮಗ್ಗದ ಪಕ್ಕ ಓರೆಯಾಗಿ ತೂರಿ ಒಳಗೆ ಹೋಗಬೇಕು. ಒಂದು ದಿನವೂ ಗೊಣಗಿದವನಲ್ಲ. ಹೂವಿನ ಬಟ್ಟೆ ನೇಯುವ ಮಗ್ಗ ಅದು. ಅಂಥ ಮಗ್ಗಕ್ಕೆ ನೆತ್ತಿಯಿಂದ ನೂರಾರು ದಾರ ಇಳಿಬಿಡಬೇಕು. ಯಾವ ದಾರ ಉದ್ದಕ್ಕೆ ಬಿಗಿದ ಹಾಸಿನ ಯಾವ ಎಳೆಯನ್ನು ಎತ್ತುತ್ತದೋ ಅದರ ಮೇಲೆ ಹೂವಿನ ಆಕಾರ ನಿಂತಿರುತ್ತದೆ. ಆ ದಾರಗಳನ್ನು ಕಟ್ಟಲು ಅಮ್ಮನೇ ಬಂದಳು. ಆಗಲೇ ಅಮ್ಮನ ಕಣ್ಣಿಗೆ ಪೊರೆ ಬಂದಿತ್ತು.

"ನಾನು ಕಟ್ತೀನಿ, ನೀನು ಬರೀ ಹೇಳಮ್ಮ" ಅಂದರೆ ಅಮ್ಮ ಕೇಳಿದಳೇ?

"ನನ್ನ ಕೈಗೆ ಕಣ್ಣಿದೆ, ನೀನು ಸುಮ್ನಿರು. ನಿನ್ನ ಮಗ್ಗ ನಾನು ಕಟ್ಟದೆ ಇನ್ಯಾರು ಕಟ್ತಾರೆ?"

ದಿನಗಟ್ಟಲೆ ಮುಕ್ಕಾಲಿಯ ಮೇಲೆ ಕೂತು, ಕತ್ತು ಮೇಲಕ್ಕೆತ್ತಿ, ಬೆರಳಲ್ಲಿ ತಡವಿ ತಡವಿ ಕಟ್ಟಿದಳು. ಪ್ರತಿ ಗಂಟನ್ನೂ ಕೊನೆಗೆ ಹಲ್ಲಲ್ಲಿ ಕಚ್ಚಿ ಬಿಗಿಯುತ್ತಿದ್ದಳು. ಮಗಳು ಮೊದಲ ಸಾಲು ಹೂವು ನೇಯ್ದಳು. ಈ ಬಟ್ಟೆಯ ಮುಖ ಮಗ್ಗದಲ್ಲಿ ಕೆಳಗಿರುತ್ತದೆ, ಬೆನ್ನು ಮೇಲಿರುತ್ತದೆ. ಹೂವು ಹೇಗೆ ಬಂದಿದೆ ಎಂದು ನೋಡಬೇಕಾದರೆ ಅಡಿಗೆ ಕೈಗನ್ನಡಿ ಹಿಡಿಯಬೇಕು. ಹಿಡಿದು ನೋಡಿದಳು. ಬಲಗಡೆಯಿಂದ ಮೂರನೆಯ ಹೂವಿನ ಒಂದು ದಳ ಒಳಕ್ಕೆ ಮಡಚಿಕೊಂಡಿತ್ತು. ಒಂದು ದಾರ ತನ್ನದಲ್ಲದ ಗೊಂಚಲಿಗೆ ಸೇರಿಬಿಟ್ಟಿತ್ತು.

"ಸರಿಯಾಗಿದೆಯೇನೇ?" ಅಮ್ಮ ಕೇಳಿದಳು. ಕಣ್ಣು ಕಾಣದವರು ಮುಖವನ್ನು ಮುಂದಕ್ಕೆ ಚಾಚಿ ಕೇಳುತ್ತಾರಲ್ಲ, ಹಾಗೆ.

"ಸರಿಯಾಗಿದೆಯಮ್ಮ" ಅಂದಳು ಚಿನಕುರುಳಿ.

ಅಮ್ಮ ಮನೆಗೆ ಹೋದ ಮೇಲೆ ಬಿಚ್ಚಿ ಕಟ್ಟಿದರಾಯಿತು ಅಂದುಕೊಂಡಳು. ಆ ದಿನ ಮನಸ್ಸು ಬರಲಿಲ್ಲ, ಮಾರನೆಯ ದಿನವೂ ಬರಲಿಲ್ಲ. ಆಮೇಲೆ ಅಮ್ಮ ತೀರಿಕೊಂಡಳು, ಇನ್ನು ಬಿಚ್ಚುವ ಮಾತೇ ಇರಲಿಲ್ಲ. ನೇಕಾರರು ಒಂದು ಹಾಸು ಮುಗಿದರೆ ಎಳೆಗಳನ್ನು ಪೂರ್ತಿ ಕಿತ್ತು ಹಾಕುವುದಿಲ್ಲ. ಹಳೆಯ ಎಳೆಯ ತುದಿಗೆ ಹೊಸ ಎಳೆ ಹೊಸೆದು ಗಂಟು ಹಾಕಿ ಎಳೆದುಕೊಳ್ಳುತ್ತಾರೆ. ಹಾಸು ಬದಲಾಗುತ್ತದೆ, ದಾರಗಳ ಕಟ್ಟು ಹಾಗೇ ಉಳಿಯುತ್ತದೆ, ಅದರಲ್ಲಿನ ತಪ್ಪೂ ಉಳಿಯುತ್ತದೆ. ಬಟ್ಟೆ ಮಗ್ಗದಿಂದ ಇಳಿದು ಮುಖ ಮೇಲಾದಾಗ ಆ ಹೂವು ಎಡದಿಂದ ಮೂರನೆಯದಾಗುತ್ತಿತ್ತು. ಪ್ರತಿ ಸಾಲಿನಲ್ಲೂ, ಪ್ರತಿ ಬಟ್ಟೆಯಲ್ಲೂ.

ಅಮ್ಮ ಇದ್ದಾಗಲೇ ನಡೆದ ಇನ್ನೊಂದು ಸಂಗತಿ ಹೇಳಬೇಕು. ಎಲ್ಲ ರಾದ್ಧಾಂತಕ್ಕೂ ಅದೇ ಬುಡ.

ನೇಕಾರರ ಸಂಘದಲ್ಲಿ ಪರೀಕ್ಷೆಗಳಿದ್ದವು. ಮೊದಲ ಹಂತ, ಎರಡನೆಯ ಹಂತ, ಅದರ ಮೇಲೆ ಪರಿಣತ ಹಂತ. ಪರಿಣತರೆಂದು ಪ್ರಮಾಣಪತ್ರ ಸಿಕ್ಕವರು ತಮ್ಮ ಬಟ್ಟೆಗೆ ತಮ್ಮದೇ ಹೆಸರಿನ ಚೀಟಿ ಹೊಲಿಯಬಹುದು, ಬಾಗಿಲಿಗೆ ಬೋರ್ಡು ಹಾಕಿ ಕಲಿಸಬಹುದು. ಉಳಿದವರು ಎಷ್ಟೇ ಚೆನ್ನಾಗಿ ನೇಯಲಿ, ಯಾರೋ ಪರಿಣತರ ಚೀಟಿಯಡಿ ಮಾರಬೇಕು. ಅಣ್ಣ ಪರಿಣತ ಹಂತಕ್ಕೆ ಅರ್ಜಿ ಹಾಕಿದ. ಹೂವಿನ ಬಟ್ಟೆ ಒಪ್ಪಿಸುವ ದಿನ ಹತ್ತಿರ ಬಂದಾಗ ಅವನ ಮಗ್ಗದಲ್ಲಿ ಇದ್ದದ್ದು ಒಂದು ಮೊಳ, ಅದರ ಅಂಚೂ ಹಾವು ಹರಿದ ಹಾಗೆ. ಅಮ್ಮ ಬಂದು ಮಗಳ ಹೊಸ್ತಿಲ ಮೇಲೆ ಕೂತಳು.

"ನಿಮ್ಮಣ್ಣನ ಮಾನ ಹೋಗುತ್ತೆ ಕಣೇ. ನೀನು ನೇಯ್ದರೇನು, ಅವನು ನೇಯ್ದರೇನು? ಮನೆ ಬಟ್ಟೆ ತಾನೆ?"

ಅಣ್ಣನೂ ಹಿಂದೆಯೇ ಬಂದ. "ಮುಂದಿನ ಸಲ ನಿನ್ನದು. ನಾನೇ ಮುಂದೆ ನಿಂತು ಮಾಡಿಸ್ತೀನಿ, ನೋಡು ಬೇಕಾದ್ರೆ."

ನೇಯ್ದು ಕೊಟ್ಟಳು. ಅಣ್ಣ ಅದನ್ನು ಬಿಚ್ಚಿ ಕೂಡ ನೋಡದೆ ಕಾಗದದಲ್ಲಿ ಸುತ್ತಿಕೊಂಡು ಹೋದ. ಸಂಘದಲ್ಲಿ ಯಾರೋ ಆ ಮಡಚಿದ ದಳದ ಮೇಲೆ ಬೆರಳಿಟ್ಟು ಇದೇನೆಂದು ಕೇಳಿದರಂತೆ. ಬೇರೆಯವನಾಗಿದ್ದರೆ ಬೆವರುತ್ತಿದ್ದ. ಇವನು ಒಂದು ಗಳಿಗೆ ಕಣ್ಣು ಮುಚ್ಚಿ, "ಮನುಷ್ಯ ಮಾಡಿದ್ದು ಪೂರ್ತಿ ಸರಿ ಇರಬಾರದು. ಅದಕ್ಕೇ ಒಂದು ಹೂವನ್ನು ಬೇಕೆಂದೇ ಬಾಗಿಸುತ್ತೇನೆ. ಅದು ನನ್ನ ಗುರುತು" ಅಂದನಂತೆ. ಚಪ್ಪಾಳೆಯೋ ಚಪ್ಪಾಳೆ! ಬಟ್ಟೆಗೆ ಗಾಜಿನ ಕಟ್ಟು ಹಾಕಿಸಿ ಸಂಘದ ಹಾಲ್‌ನಲ್ಲಿ ತೂಗುಹಾಕಿದರು. ಆ ಹೂವಿಗೆ 'ಮೇಷ್ಟ್ರ ಹೂವು' ಎಂದೇ ಹೆಸರಾಯಿತು, ಅಣ್ಣ ಊರಿಗೆಲ್ಲ ಮೇಷ್ಟ್ರಾದ.

ಮುಂದಿನ ಸಲ ಎಂಬುದು ಬರಲೇ ಇಲ್ಲ. ಅವಳ ಬಟ್ಟೆಗಳೆಲ್ಲ ಅಣ್ಣನ ಚೀಟಿ ಹೊತ್ತು ಹೊರಗೆ ಹೋದವು. ಅವಳು ಕಲಿಸಿದ ಹುಡುಗಿಯರೆಲ್ಲ ಮೇಷ್ಟ್ರ ಶಿಷ್ಯೆಯರೆಂದು ಹೇಳಿಕೊಂಡು ಹೊರಟರು. ಪಾಪ, ಅವರೇನು ಮಾಡಿಯಾರು? ಅವರ ಕಾಗದದ ಮೇಲೆ ಹಾಗೇ ಬರೆದಿತ್ತು. ಕೊನೆಗೆ ಒಬ್ಬಳು, ಕೈ ಹಿಡಿಸಿಕೊಂಡು ಲಾಳಿ ಎಸೆಯುವುದನ್ನು ಇವಳಿಂದಲೇ ಕಲಿತವಳು, ಯಾರ ಮುಂದೋ "ಇವರು ನಮ್ಮ ಮೇಷ್ಟ್ರ ತಂಗಿ" ಎಂದು ಪರಿಚಯ ಮಾಡಿಕೊಟ್ಟಳು. ಅವತ್ತು ಮಗ್ಗದ ಸದ್ದು ಕೇಳಿ ದರ್ಜಿ ಊಟ ಬಿಟ್ಟು ಎದ್ದು ಬಂದಿದ್ದ. ಆ ವಾರವೇ ಚಿನಕುರುಳಿ ಪರಿಣತ ಹಂತಕ್ಕೆ ಅರ್ಜಿ ಹಾಕಿದಳು. ಬಾಗಿಲ ಮೇಲೆ ತನ್ನ ಹೆಸರಿನ ಬೋರ್ಡು, ಬಟ್ಟೆಯ ಮೂಲೆಯಲ್ಲಿ ತನ್ನ ಹೆಸರಿನ ಚೀಟಿ. ಇಷ್ಟೇ ಬೇಕಾಗಿದ್ದದ್ದು.

ಬರೆಯುವ ಪರೀಕ್ಷೆಗೆ ಗಂಡನೇ ಪಾಠ ಒಪ್ಪಿಸಿಕೊಂಡ. ಡ್ಯೂಟಿಯಿಂದ ಬಂದು, ಹೆಗಲಿನ ಚೀಲ ಕೂಡ ಇಳಿಸದೆ ಪುಸ್ತಕ ಹಿಡಿದು, "ಮುಂದೆ? ಮುಂದೆ?" ಎಂದು ಬಸ್ಸಿನಲ್ಲಿ ಜನರನ್ನು ತಳ್ಳಿದ ಹಾಗೆ ಕೇಳುತ್ತಿದ್ದ. ಅದು ಪಾಸಾಯಿತು. ಚೌಕಳಿ ಬಟ್ಟೆ ಪಾಸಾಯಿತು, ಎರಡು ಪದರದ ಹೊದಿಕೆಯೂ ಪಾಸಾಯಿತು. ಉಳಿದದ್ದು ಹೂವಿನ ಬಟ್ಟೆ.

"ಆ ಮೂರನೇ ಹೂವನ್ನ ಸರಿ ಮಾಡ್ಕೊಂಡುಬಿಡೇ" ಅಂದ ಗಂಡ. "ಅದನ್ನ ಎಲ್ಲರೂ ನಿಮ್ಮಣ್ಣಂದು ಅಂತಾರೆ."

"ಅಂದ್ರೆ ಅನ್ಲಿ. ನನ್ನ ಮಗ್ಗ, ನಮ್ಮಮ್ಮ ಕಟ್ಟಿದ್ದು. ಒಂದು ಮಾರ್ಕು ಹೋದ್ರೆ ಹೋಯ್ತು ರೀ. ಹೇಗೂ ಅಣ್ಣ ಅಲ್ಲೇ ಇರ್ತಾನಲ್ಲ, ಹೇಳ್ತಾನೆ."

ಅಣ್ಣ ಅಲ್ಲೇ ಇದ್ದ. ಪರೀಕ್ಷಕರ ಸಾಲಿನಲ್ಲಿ, ನಡುವಿನ ಕುರ್ಚಿಯಲ್ಲಿ. ಒಂದು ಪಕ್ಕಕ್ಕೆ ಅಧ್ಯಕ್ಷೆ. ಜೀವಮಾನವೆಲ್ಲ ನೂಲಿಗೆ ಬಣ್ಣ ಹಾಕಿ ಉಗುರು ನೀಲಿಯಾದ ಮುದುಕಿ, ಎಲ್ಲರೂ ಬಣ್ಣದಮ್ಮ ಅನ್ನುತ್ತಿದ್ದರು. ಇನ್ನೊಂದು ಪಕ್ಕಕ್ಕೆ ವಿನ್ಯಾಸದ ಕಾಲೇಜಿನ ಸಾರ್, ಅಣ್ಣನ ಆಪ್ತ. ಸಾರ್ ಅವಳ ಬಟ್ಟೆಯನ್ನು ಗಾಜಿನ ಕಟ್ಟಿನ ಪಕ್ಕಕ್ಕೆ ಒಯ್ದು ಹಿಡಿದರು. ಅದನ್ನು ನೋಡಿದರು, ಇದನ್ನು ನೋಡಿದರು. ಅಂಚಿನ ಎಳೆತ ಅದೇ, ಹೊಡೆತ ಅದೇ, ಎಡದಿಂದ ಮೂರನೆಯ ಹೂವಿನ ದಳ ಮಡಚಿದ್ದೂ ಅದೇ.

"ಇದು ನಿಮ್ಮ ಕೆಲಸ ಅಲ್ಲಮ್ಮ" ಅಂದರು. "ಇದು ಮೇಷ್ಟ್ರ ಕೈ. ಯಾರಿಗೆ ಬೇಕಾದರೂ ಗೊತ್ತಾಗುತ್ತೆ. ಅಣ್ಣನ ಹತ್ತಿರ ನೇಯಿಸಿಕೊಂಡು ಬಂದಿದ್ದೀರಿ."

ಕೇಳಿದಿರಾ? ಅವಳ ಕೈಯನ್ನೇ ಅವಳ ಮುಂದೆ ಹಿಡಿದು, ಇದು ನಿನ್ನದಲ್ಲ ಅಂದರು! ಚಿನಕುರುಳಿಗೆ ಮೊದಲು ನಗು ಬಂತು. ಆಮೇಲೆ ಅಣ್ಣನ ಕಡೆ ನೋಡಿದಳು. ಅವನು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸುತ್ತಿದ್ದ.

"ಅಣ್ಣ, ಹೇಳು."

ಅಣ್ಣ ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿದ, ಹಾಕಿಕೊಂಡ, ಗಂಟಲು ಸರಿಮಾಡಿಕೊಂಡ. "ಒಡಹುಟ್ಟಿದವಳು. ಕೇಳಿದಾಗ ಇಲ್ಲ ಅನ್ನೋಕೆ ಆಗುತ್ತಾ? ಏನೋ ಸ್ವಲ್ಪ ಕೈ ಹಾಕಿರಬಹುದು. ತಪ್ಪೆಲ್ಲ ನನ್ನದೇ ಅಂತ ಇಟ್ಕೊಳ್ಳಿ. ಅವಳನ್ನ ಏನೂ ಅನ್ನಬೇಡಿ."

ಎಲ್ಲರ ಕಣ್ಣಲ್ಲೂ ನೀರು ಬರುವುದೊಂದು ಬಾಕಿ. ಎಂಥ ದೊಡ್ಡ ಮನಸ್ಸು ಮೇಷ್ಟ್ರದು, ತಂಗಿಯ ತಪ್ಪನ್ನು ತಲೆ ಮೇಲೆ ಹೊತ್ತುಕೊಂಡರಲ್ಲ ಎಂದು ಮಾತಾಡಿಕೊಂಡರು. ಮೋಸವೆಂದು ತೀರ್ಮಾನವಾದರೆ ಮತ್ತೆ ಯಾವತ್ತೂ ಪರೀಕ್ಷೆಗೆ ಕೂರುವ ಹಾಗಿಲ್ಲ, ಮುಂದಿನ ಸಭೆಯಲ್ಲಿ ತಿಳಿಸುತ್ತೇವೆ ಎಂದು ಹೇಳಿ ಅವಳನ್ನು ಕಳಿಸಿದರು. ಅವಳು ಹಾಲ್‌ನ ಮೆಟ್ಟಿಲು ಇಳಿದಳು. ನಾಲಿಗೆ ಸಿಕ್ಕಿಕೊಂಡಿತ್ತು, ಎಂದೂ ಸಿಕ್ಕಿಕೊಳ್ಳದ ನಾಲಿಗೆ.

ಅದು ಬಿಟ್ಟುಕೊಂಡದ್ದು ಅಣ್ಣನ ಮನೆಯಲ್ಲಿ. ಅತ್ತಿಗೆ ಟೀ ತಂದಿಟ್ಟು ಮುಖ ನೋಡದೆ ಒಳಗೆ ಹೋದಳು.

"ನೋಡು, ನೀನು ಒಂದು ಕ್ಷಮಾಪಣೆ ಕೇಳಿಬಿಡು" ಅಂದ ಅಣ್ಣ. "ನಾನು ಹೇಳಿ ಮುಂದಿನ ವರ್ಷ ಕೂರಿಸ್ತೀನಿ. ನನ್ನ ಮಾತು ತೆಗೆದುಹಾಕಲ್ಲ ಅವರು."

"ಏನಂತ ಕೇಳ್ಲಿ? ನಾನು ನೇಯ್ದದ್ದು ನಾನೇ ನೇಯ್ದೆ, ತಪ್ಪಾಯ್ತು ಅಂತನಾ?"

"ಕೂಗಬೇಡ. ಬೀದಿಗೆ ಕೇಳಿಸುತ್ತೆ."

"ಕೇಳಿಸ್ಲಿ! ನಿನಗೆ ನಾಚಿಕೆ ಅನ್ನೋದು ಇದೆಯಾ ಅಣ್ಣ? ನನ್ನ ಬಟ್ಟೆ ಕೊಟ್ಟೆ, ನನ್ನ ಹುಡುಗಿಯರನ್ನ ಕೊಟ್ಟೆ. ಈಗ ನನ್ನನ್ನೇ ಕಳ್ಳಿ ಮಾಡಿ, ಮೇಲೆ ಕ್ಷಮಿಸೋಕೂ ನೀನೇ ಕೂತಿದ್ದೀಯಲ್ಲ!"

"ಈಗ ನಿಜ ಹೇಳಿದ್ರೆ ನಾನು ಏನಾಗ್ತೀನಿ ಯೋಚನೆ ಮಾಡು. ಈ ವಯಸ್ಸಲ್ಲಿ ತಲೆ ಎತ್ತಿ ತಿರುಗೋಕಾಗುತ್ತಾ? ಅಮ್ಮ ಇದ್ದಿದ್ರೆ ನಿನಗೆ ಏನು ಹೇಳ್ತಿದ್ಳು?"

ಅಮ್ಮ ಇದ್ದಿದ್ದರೆ ಮತ್ತೆ ಬಂದು ಹೊಸ್ತಿಲ ಮೇಲೆ ಕೂರುತ್ತಿದ್ದಳು. ಅದು ಚಿನಕುರುಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಉರಿಯಿತು. ಟೀ ಮುಟ್ಟದೆ ಎದ್ದಳು, ಅಲ್ಲಿಂದ ನೇರ ಬಣ್ಣದಮ್ಮನ ಮನೆಗೆ ಹೋದಳು. ಮುದುಕಿ ಹಿತ್ತಿಲಲ್ಲಿ ನೂಲು ಹಿಂಡುತ್ತಿದ್ದಳು.

"ಬಟ್ಟೆ ನೋಡಿ ತೀರ್ಮಾನ ಮಾಡಿದ್ರಿ. ನನ್ನ ಮನೆಗೆ ಬಂದು ಮಗ್ಗ ನೋಡಿ. ಅಣ್ಣನನ್ನೂ ಕರ್ಕೊಂಡು ಬನ್ನಿ."

ಬಣ್ಣದಮ್ಮ ಅವಳನ್ನು ಕೆಳಗಿಂದ ಮೇಲಕ್ಕೆ ನೋಡಿದಳು. "ಬರ್ತೀನಿ. ಆದ್ರೆ ನೀನು ಹೇಳಿದ್ದು ಸುಳ್ಳಾದ್ರೆ ನನ್ನಷ್ಟು ಕೆಟ್ಟವಳು ಇನ್ನೊಬ್ಬಳಿಲ್ಲ, ನೆನಪಿರ್ಲಿ" ಅಂದಳು.

ಬಂದರು. ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಕಾಲೇಜಿನ ಸಾರ್ ಗೋಡೆಗೆ ಅಂಟಿಕೊಂಡು ನಿಂತರು, ಗಂಡ ಬಾಗಿಲಲ್ಲಿ ನಿಂತ, ಅವನ ಹೆಗಲ ಮೇಲಿಂದ ದರ್ಜಿ ಕತ್ತು ತೂರಿಸಿದ್ದ. ಮಗ್ಗದ ಮೇಲೆ ಅರ್ಧ ನೇಯ್ದ ಬಟ್ಟೆ ಇತ್ತು, ಮುಖ ಕೆಳಗೆ.

"ಈ ಮಗ್ಗದಲ್ಲೂ ಅದೇ ಹೂವು ಬರುತ್ತೆ ಅಂತಾಳೆ ನಿಮ್ಮ ತಂಗಿ" ಅಂದಳು ಬಣ್ಣದಮ್ಮ. "ಮೇಷ್ಟ್ರೇ, ನೀವು ಹಿರಿಯರು. ಬಾಗಿಸೋ ದಾರ ಯಾವುದು, ತೋರಿಸಿ. ಅದನ್ನ ಬಿಚ್ಚಿ ಸರಿಯಾಗಿ ಕಟ್ಟಿ ಒಂದು ಹೂವು ನೇಯ್ದುಬಿಡಿ. ಯಾರ ಕೈ ಅನ್ನೋದು ಇಲ್ಲೇ ತೀರಿಹೋಗ್ಲಿ."

ಅಣ್ಣ ಮಗ್ಗದ ಮುಂದೆ ಬಂದು ನಿಂತ. ಮೇಲೆ ನೋಡಿದ. ಮಳೆಗಾಲದ ಬಳ್ಳಿಗಳ ಹಾಗೆ ದಾರವೋ ದಾರ. ಒಂದಿಷ್ಟು ಹೊತ್ತು ನೋಡಿ, ನಿಧಾನಕ್ಕೆ ಕೈ ಎತ್ತಿ, ಎಡಗಡೆಯಿಂದ ಎಣಿಸತೊಡಗಿದ. ಒಂದನೆಯ ಹೂವಿನ ಗೊಂಚಲು, ಎರಡನೆಯದು, ಮೂರನೆಯದು.

ಬಣ್ಣದಮ್ಮನ ಹುಬ್ಬು ಮೇಲೇರಿತು. ಬಟ್ಟೆಯ ಮುಖ ಕೆಳಗಿದೆ. ಗಾಜಿನ ಕಟ್ಟಿನಲ್ಲಿ ಎಡಕ್ಕಿರುವ ಹೂವು ಮಗ್ಗದ ಮೇಲೆ ಬಲಕ್ಕಿರುತ್ತದೆ. ಒಂದೇ ಒಂದು ದಿನ ಈ ಮಗ್ಗದಲ್ಲಿ ಕೂತವನಿಗೂ ಕೈ ತಾನಾಗಿ ಬಲಕ್ಕೆ ಹೋಗುತ್ತದೆ. ಅಣ್ಣ ಆ ಹೂವನ್ನು ಕಂಡದ್ದು ಗೋಡೆಯ ಮೇಲೆ ಮಾತ್ರ.

ಬಾಗಿಲಲ್ಲಿ ದರ್ಜಿ ಕಿಸಕ್ಕನೆ ನಕ್ಕ. ಗಂಡ ಅವನ ಕಾಲು ತುಳಿದ.

"ಮರೆತಿರುತ್ತೆ ಬಿಡಿ, ಎಷ್ಟೋ ವರ್ಷದ ಮಾತು" ಅಂದರು ಸಾರ್, ಮುಖ ಕೆಂಪಗೆ ಮಾಡಿಕೊಂಡು. "ತಂಗಿಯವರು ಮಾಡಿ ತೋರಿಸಲಿ. ಬಾಯಲ್ಲಿ ಹೇಳಿದ್ರೆ ಬರೆದುಕೊಳ್ಳೋಕಾಗಲ್ಲ, ಬಿಚ್ಚಿ ಕಟ್ಟಿ ನೇಯ್ದು ತೋರಿಸಲಿ."

ಬಣ್ಣದಮ್ಮ ಚಿನಕುರುಳಿಯ ಕಡೆ ತಿರುಗಿ, "ನಿಯಮ ಅಂದ್ರೆ ಇಬ್ಬರಿಗೂ ಒಂದೇ. ಮಾಡಮ್ಮ" ಅಂದಳು.

ಚಿನಕುರುಳಿ ಮುಕ್ಕಾಲಿ ಹತ್ತಿದಳು. ಕೈ ನೋಡದೆಯೇ ಬಲಕ್ಕೆ ಹೋಯಿತು. ಗಂಟು ಬೆರಳಿಗೆ ಸಿಕ್ಕಿತು. ಧೂಳು ಕೂತು ಕಲ್ಲಿನಂತಾಗಿದ್ದ ಪುಟ್ಟ ಗಂಟು. ಅದರ ಬಾಲದಲ್ಲಿ ಹಲ್ಲಿನ ಗುರುತು ಇನ್ನೂ ತಡವಿದರೆ ತಿಳಿಯುತ್ತಿತ್ತು. ಅವಳ ಕೈ ಅಲ್ಲೇ ನಿಂತಿತು. ಮುಕ್ಕಾಲಿಯ ಮೇಲಿಂದ ತಿರುಗಿ ನೋಡಿದಳು.

"ಅಣ್ಣ, ಇದನ್ನ ಕಟ್ಟಿದ್ದು ಯಾರು ಗೊತ್ತಾ? ಅಮ್ಮ. ಕಣ್ಣು ಕಾಣದೆ ಕಟ್ಟಿದ್ದು. ನೀನು ಬೇಕಂತಲೇ ಬಾಗಿಸಿದ್ದು ಅಂದೆಯಲ್ಲ, ಅದು ಅಮ್ಮನ ತಪ್ಪು. ಇಷ್ಟು ವರ್ಷ ಬಿಚ್ಚಿಲ್ಲ ನಾನು. ಈಗಲಾದ್ರೂ ಬಾಯಿ ಬಿಡು. ನೀನು ಒಂದು ಮಾತು ಹೇಳಿದ್ರೆ ಇದನ್ನ ಮುಟ್ಟೋದು ಬೇಕಾಗಿಲ್ಲ."

ಕೋಣೆಯಲ್ಲಿ ಎಲ್ಲರೂ ಅಣ್ಣನನ್ನು ನೋಡಿದರು. ಅಣ್ಣ ನೆಲ ನೋಡಿದ. ಅವನ ತುಟಿ ಒಮ್ಮೆ ಅಲುಗಿತು, ನಿಂತಿತು.

ಚಿನಕುರುಳಿ ಬಿಚ್ಚಿದಳು. ಉಗುರಿಗೆ ಬಗ್ಗಲಿಲ್ಲ, ಸೂಜಿಯ ಮೊನೆ ಹಾಕಿ ಎಬ್ಬಿಸಬೇಕಾಯಿತು. ಗಂಟು ಸಡಿಲವಾದಾಗ ಚಿಟಿಕೆ ಧೂಳು ಉದುರಿತು. ದಾರವನ್ನು ಅದರ ಗೊಂಚಲಿಗೆ ಸೇರಿಸಿ, ಹೊಸ ಗಂಟು ಹಾಕಿ, ಹಲ್ಲಲ್ಲಿ ಕಚ್ಚಿ ಬಿಗಿದಳು. ಇಳಿದು ಮಗ್ಗದಲ್ಲಿ ಕೂತಳು. ಒಂದೇ ಹದದ ಸದ್ದು, ಟಕ್ ಟಕ್. ಸಿಟ್ಟು ಕುದಿಯುತ್ತಿತ್ತು, ಕೈ ಮಾತ್ರ ಅದನ್ನು ಬಟ್ಟೆಗೆ ಇಳಿಯಗೊಡಲಿಲ್ಲ. ಹೂವು ಮುಗಿದ ಮೇಲೆ ಬಣ್ಣದಮ್ಮ ಕಷ್ಟಪಟ್ಟು ಬಗ್ಗಿ, ಅಡಿಗೆ ಕೈಗನ್ನಡಿ ಹಿಡಿದು ನೋಡಿದಳು.

"ಸರಿಯಾಗಿದೆ" ಅಂದಳು.

ಆಗ ಅಣ್ಣ ಅತ್ತ. ಗೋಡೆಗೆ ಒರಗಿ ಚಿಕ್ಕ ಹುಡುಗನ ಹಾಗೆ ಬಿಕ್ಕಿದ. "ಹಾಲ್‌ನಲ್ಲಿ ಇರೋದೂ ಅವಳದ್ದೇ. ಒಂದು ಎಳೆನೂ ನನ್ನದಲ್ಲ. ಬರ್ಕೊಳ್ಳಿ. ಅಮ್ಮನ ಗಂಟು ಅಂತ ನನಗೆ ಗೊತ್ತಿರ್ಲಿಲ್ಲ ಕಣೇ."

"ಹೇಳಿದೆನಲ್ಲ" ಅಂದಳು ಚಿನಕುರುಳಿ. ಅವಳ ಕಣ್ಣಲ್ಲಿ ನೀರಿರಲಿಲ್ಲ. "ಬಿಚ್ಚೋಕೆ ಮುಂಚೆ ಹೇಳಿದೆ. ಬಿಚ್ಚಿ ಆಗೋವರೆಗೂ ಕಾದೆಯಲ್ಲೋ ನೀನು!"

ಪ್ರಮಾಣಪತ್ರ ಬಂತು. ಬಾಗಿಲಿಗೆ ಬೋರ್ಡು ಬಂತು, ಗಂಡನೇ ಸ್ಟೂಲು ಹತ್ತಿ ಮೊಳೆ ಹೊಡೆದ. ಅಣ್ಣ ಪರೀಕ್ಷಕರ ಕುರ್ಚಿ ಬಿಟ್ಟ. ಒಂದೆರಡು ಸಲ ಇವಳ ಬೀದಿಯ ತುದಿಯವರೆಗೆ ಬಂದು ಹಿಂದಿರುಗಿದನೆಂದು ದರ್ಜಿ ಹೇಳಿದ. ಇವಳು ಕರೆಯಲಿಲ್ಲ. ಬಟ್ಟೆಗಳು ಅವಳ ಹೆಸರಿನ ಚೀಟಿ ಹೊತ್ತು ಹೋಗತೊಡಗಿದವು, ಹೂವುಗಳೆಲ್ಲ ನೆಟ್ಟಗೆ. ಕನ್ನಡಿ ಹಿಡಿದು ನೋಡಿದರೆ ಬಲದಿಂದ ಮೂರನೆಯದು ಯಾವುದು ಎಂದು ಎಣಿಸಿಯೇ ತಿಳಿಯಬೇಕು. ಅದನ್ನು ಅವಳಿಗೆ ಸಹಿಸಲಾಗಲಿಲ್ಲ. ಬೇಕೆಂದೇ ತಪ್ಪಾಗಿ ಕಟ್ಟಬಹುದಿತ್ತು, ಒಮ್ಮೆ ಮುಕ್ಕಾಲಿ ಹತ್ತಿಯೂ ನೋಡಿದಳು. ಆದರೆ ಅದು ತಾನು ಕಟ್ಟಿದ್ದಾಗುತ್ತದೆ ಎಂದು ಇಳಿದಳು.

ಇನ್ನು ಉಳಿದದ್ದು ಹಾಲ್‌ನ ಗೋಡೆಯ ಮೇಲಿನ ಬಟ್ಟೆ ಒಂದೇ. ಅದರ ಕೆಳಗೆ ಈಗ ಇವಳ ಹೆಸರು ಬರೆಸಿದ್ದರು. ಒಂದು ಮಧ್ಯಾಹ್ನ ನೋಡಲು ಹೋದಳು. ಒಬ್ಬಳು ಚೂಟಿ ಹೆಂಗಸು ಹತ್ತಾರು ಜನರನ್ನು ಮುಂದೆ ನಿಲ್ಲಿಸಿಕೊಂಡು, ಗಾಜಿನ ಮೇಲೆ ಕೋಲಿಟ್ಟು ವಿವರಿಸುತ್ತಿದ್ದಳು.

"ಎಡದಿಂದ ಮೂರನೆಯ ಹೂವು ನೋಡಿ. ಮನುಷ್ಯ ಮಾಡಿದ್ದು ಪೂರ್ತಿ ಸರಿ ಇರಬಾರದು ಅಂತ ಈ ಕಲಾವಿದೆ ಒಂದು ದಳವನ್ನು ಬೇಕೆಂದೇ ಬಾಗಿಸಿದ್ದಾರೆ."

ಹೆಸರು ಬದಲಾಗಿತ್ತು, ಅಣ್ಣನ ಸುಳ್ಳು ಹಾಗೇ ಉಳಿದಿತ್ತು, ಈಗ ಇವಳ ಬಾಯಿಯ ಮಾತಾಗಿ.

"ಬೇಕಂತ ಅಲ್ಲ ಕಣಮ್ಮ!" ಹಾಲ್ ನಡುಗುವ ಹಾಗೆ ಕೂಗಿದಳು ಚಿನಕುರುಳಿ. ಜನ ಬೆಚ್ಚಿ ತಿರುಗಿದರು, ಕಾವಲುಗಾರ ಓಡಿ ಬಂದ. ಅವಳು ಜನರನ್ನು ಸರಿಸಿ ಮುಂದೆ ಹೋಗಿ ಗಾಜಿನ ಮೇಲೆ ಅಂಗೈ ಊರಿದಳು.

"ಯಾರೂ ಬಾಗಿಸಿಲ್ಲ ಅದನ್ನ. ನಮ್ಮಮ್ಮಂಗೆ ಕಣ್ಣು ಕಾಣ್ತಿರ್ಲಿಲ್ಲ!"